ಗುಡ್ಡದ ಆಚೆಗಿನ ಮುಖಗಳು

ಸೇನೆಯಲ್ಲಿದ್ದ ತಮ್ಮನು ರಜೆಯ ಮೇಲೆ ಮನೆಗೆ ಬಂದಾಗಿನಿಂದ ಬೀಗ ರಿಪೇರಿಯ ಅಣ್ಣನಿಗೆ ತುತ್ತು ಗಂಟಲಲ್ಲಿ ಇಳಿದಿರಲಿಲ್ಲ. ಇಳಿಯುವುದಾದರೂ ಹೇಗೆ? ಊಟಕ್ಕೆ ಕೂತರೆ ಅಮ್ಮನ ಸೌಟು ಮೊದಲು ಹೋಗುತ್ತಿದ್ದುದು ಚಿಕ್ಕವನ ತಟ್ಟೆಗೆ. ಹಿಂದಿನ ತಂಪು ಕೋಣೆ ಚಿಕ್ಕವನಿಗೆ. ರೇಡಿಯೋ ಸಣ್ಣಗೆ ಹಾಕಬೇಕು, ಚಿಕ್ಕವನಿಗೆ ನಿದ್ದೆಯಿಲ್ಲ. ಬಾಗಿಲು ಮೆಲ್ಲಗೆ ಎಳೆಯಬೇಕು, ಚಿಕ್ಕವನು ಬೆಚ್ಚಿಬೀಳುತ್ತಾನೆ. "ಪಾಪ, ಯುದ್ಧ ಮಾಡಿ ಬಂದ ಮಗು" ಎಂದು ಅಮ್ಮ ಪಕ್ಕದ ಮನೆಯವಳ ಹತ್ತಿರ ಹೇಳಿಕೊಂಡದ್ದು ಕಿವಿಗೆ ಬಿದ್ದಾಗಲಂತೂ ದೊಡ್ಡವನಿಗೆ ಮೈಯೆಲ್ಲ ಉರಿದುಹೋಯಿತು.

ಯುದ್ಧವಂತೆ ಯುದ್ಧ! ಈ ಮಗು ಮಾಡಿದ್ದಾದರೂ ಏನು? ಗಡಿಯಿಂದ ಎಷ್ಟೋ ದೂರದ ಕಟ್ಟಡವೊಂದರಲ್ಲಿ, ಎ.ಸಿ. ಗಾಳಿಯಲ್ಲಿ, ಮೆತ್ತನೆ ಕುರ್ಚಿಯ ಮೇಲೆ ಕೂತು, ಪರದೆ ನೋಡುತ್ತ ಡ್ರೋನ್ ಹಾರಿಸಿದ್ದು. ಪಾಳಿ ಮುಗಿಯಿತೆಂದರೆ ವ್ಯಾನು ಹತ್ತಿ ಕ್ವಾರ್ಟರ್ಸಿಗೆ ಬಂದು ಬಿಸಿನೀರಿನ ಸ್ನಾನ. ಬೂಟಿಗೆ ಒಂದು ಚೂರು ಕೆಸರು ಮೆತ್ತಿದ್ದಿಲ್ಲ. ಇವನಿಗೆ ಪದಕ ಬೇರೆ.

ದೊಡ್ಡವನೂ ಯುದ್ಧಕ್ಕೆ ಹೋಗಿದ್ದವನೇ, ಹಿಂದಿನ ಯುದ್ಧಕ್ಕೆ. ಫಿರಂಗಿ ದಳದಲ್ಲಿ ಗುಂಡು ಹೊತ್ತು ಹೊತ್ತು ಸೊಂಟ ಬಿದ್ದುಹೋಗಿತ್ತು. ಸದ್ದಿಗೆ ಬಲಗಿವಿ ಸತ್ತುಹೋಗಿತ್ತು. ಅವನು ವಾಪಸು ಬಂದ ದಿನ ಅಮ್ಮ ಮೇಲಿಂದ ಕೆಳಗೆ ಒಮ್ಮೆ ನೋಡಿ, "ಸದ್ಯ, ಕೈಕಾಲು ನೆಟ್ಟಗಿವೆ" ಎಂದಿದ್ದಳು. ಆಮೇಲೆ, ಬಂದದ್ದು ಬಂದೆ, ಈ ಸಿಲಿಂಡರ್ ಒಳಗಿಡು ಎಂದಿದ್ದಳು. ಅವನು ಇಟ್ಟಿದ್ದ. ಮರುವಾರ ಅಪ್ಪನ ಅಂಗಡಿ ತೆರೆದು ಬೀಗ ಬಿಚ್ಚತೊಡಗಿದ್ದ. ನಿದ್ದೆ ಬಂತೇ ಮಗನೇ ಎಂದು ಯಾರೂ ಕೇಳಿರಲಿಲ್ಲ.

ಅಂಗಡಿಯಲ್ಲಿ ಮಾತ್ರ ಅವನಿಗೊಂದು ಬೆಲೆಯಿತ್ತು. ಬೀದಿಯವರು ಅವನನ್ನು ಫಿರಂಗಿಯಣ್ಣ ಎನ್ನುತ್ತಿದ್ದರು. ಬೀಗ ಬಿಚ್ಚುವಷ್ಟು ಹೊತ್ತು ಗಿರಾಕಿಗಳು ಸ್ಟೂಲಿನ ಮೇಲೆ ಕೂತು ಕಥೆ ಕೇಳುತ್ತಿದ್ದರು. "ನಮ್ಮ ಕಾಲದಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಹೊಡೀತಿದ್ವಿ" ಎಂದು ಅವನು ಬೀಗದ ಕೈಗೆ ಅರ ಉಜ್ಜುತ್ತ ಹೇಳುತ್ತಿದ್ದ. ಈಗ ಅದಕ್ಕೂ ಕಲ್ಲು ಬಿತ್ತು. ಬಂದವರೆಲ್ಲ ಕೇಳುವುದು ಒಂದೇ: "ನಿಮ್ಮ ತಮ್ಮ ಬಂದಿದ್ದಾರಂತೆ? ಅವರನ್ನ ಒಂದ್ಸಲ ಮಾತಾಡಿಸಬಹುದಾ?"

ರಾತ್ರಿ ಊಟದ ಮೇಜಿನಲ್ಲಿ ಅವನು ತಮ್ಮನನ್ನು ಕೆಣಕುತ್ತಿದ್ದ.

"ಏನಪ್ಪಾ, ಕುರ್ಚಿ ವೀರ. ಕೂತೂ ಕೂತೂ ಬೆನ್ನು ನೋವು ಬಂದಿರಬೇಕಲ್ಲ?"

"ಬಂದಿದೆ ಅಣ್ಣ" ಎನ್ನುತ್ತಿದ್ದ ತಮ್ಮ, ತಲೆಯೆತ್ತದೆ.

"ಇದೆಲ್ಲ ಯುದ್ಧ ಅಲ್ಲ ಕಣೋ, ಆಫೀಸು ಕೆಲಸ. ಎದುರಿಗೆ ಮನುಷ್ಯ ಇರಬೇಕು. ಅವನೂ ಹೊಡೀಬೇಕು, ನೀನೂ ಹೊಡೀಬೇಕು. ಅದು ಯುದ್ಧ."

"ಇರಬಹುದು ಅಣ್ಣ."

ಈ 'ಇರಬಹುದು' ದೊಡ್ಡವನನ್ನು ಇನ್ನಷ್ಟು ಕೆರಳಿಸುತ್ತಿತ್ತು. ಜಗಳಕ್ಕೆ ಕರೆದರೂ ಬರದವನ ಜೊತೆ ಗೆಲ್ಲುವುದು ಹೇಗೆ? ಅಷ್ಟರಲ್ಲಿ ಅಮ್ಮ ಕಣ್ಣು ಬಿಟ್ಟು, "ಊಟ ಮಾಡೋ ಹೊತ್ತಲ್ಲಿ ಅವನ ಪ್ರಾಣ ಹಿಂಡಬೇಡ" ಎಂದು ಗದರುತ್ತಿದ್ದಳು. ದೊಡ್ಡವನು ಕೈ ತೊಳೆದು ಎದ್ದುಬಿಡುತ್ತಿದ್ದ.

ಅಂಗಡಿಗೆ ರಜೆಯಿದ್ದ ಒಂದು ಮಧ್ಯಾಹ್ನ ಅಮ್ಮ ಅವನ ಕೋಣೆಗೆ ಓಡಿಬಂದಳು.

"ಚಿಕ್ಕವನು ಬೆಳಿಗ್ಗೆಯಿಂದ ಬಾಗಿಲು ತೆಗೆದಿಲ್ಲ ಕಣೋ. ಕೂಗಿದ್ರೆ ಹೂಂ ಅಂತಾನೆ, ತೆಗೆಯಲ್ಲ. ನೀನು ತೆಗಿ."

ದೊಡ್ಡವನಿಗೆ ಒಳಗೊಳಗೇ ಖುಷಿಯಾಯಿತು. ಒಳಗೆ ಅವನು ಕಾಲ ಮೇಲೆ ಕಾಲು ಹಾಕಿ ಮೊಬೈಲು ನೋಡುತ್ತಿರುತ್ತಾನೆ, ಇವತ್ತು ಅವನ ನಾಟಕ ಬಯಲಾಗಲಿ, ಅಮ್ಮ ಕಣ್ಣಾರೆ ನೋಡಲಿ ಎಂದುಕೊಂಡ. ಸಲಕರಣೆಯ ಚೀಲ ತಂದು ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತ. ಬೀಗದ ಕೈ ಒಳಗಿನಿಂದ ತೂತಿನಲ್ಲೇ ಇತ್ತು. ಬಾಗಿಲ ಕೆಳಗಿನ ಸಂದಿಯಲ್ಲಿ ಹಳೆಯ ಪತ್ರಿಕೆಯ ಹಾಳೆ ತೂರಿಸಿ, ತಂತಿಯಿಂದ ಬೀಗದ ಕೈಯನ್ನು ಒಳಕ್ಕೆ ತಳ್ಳಿದ. ಅದು ಹಾಳೆಯ ಮೇಲೆ ಬಿತ್ತು. ಹಾಳೆಯನ್ನು ಮೆಲ್ಲಗೆ ಈಚೆಗೆ ಎಳೆದುಕೊಂಡ. ಅವನಿಗದು ಎಡಗೈ ಕೆಲಸ.

"ಮೊದಲು ನಾನು ನೋಡ್ತೀನಿ, ನೀನು ಇಲ್ಲೇ ಇರು" ಎಂದು ಅಮ್ಮನಿಗೆ ಹೇಳಿ ಒಳಹೊಕ್ಕು ಬಾಗಿಲು ಮುಂದೆ ಮಾಡಿದ.

ತಮ್ಮ ಕಿಟಕಿಯ ಕೆಳಗೆ ನೆಲದ ಮೇಲೆ ಕೂತಿದ್ದ. ಪರದೆಯ ಅಂಚನ್ನು ಒಂದು ಬೆರಳಷ್ಟೇ ಸರಿಸಿ ಹೊರಗೆ ನೋಡುತ್ತಿದ್ದ.

"ಬಗ್ಗು ಅಣ್ಣ, ಕಾಣಿಸಿಕೋಬೇಡ" ಎಂದ.

ಎದುರು ಮನೆಯ ಮಹಡಿಯಲ್ಲಿ ಬಸ್ ಡ್ರೈವರ್ ಬನಿಯನ್ನಿನಲ್ಲಿ ನಿಂತಿದ್ದ. ಅವನನ್ನು ಕಂಡರೆ ಬೀದಿಯವರೆಲ್ಲ ನಗುನಗುತ್ತ ಮಾತಾಡಿಸುತ್ತಿದ್ದರು, ಅಂಥ ಸಾಧು ಮನುಷ್ಯ.

"ಈಗ ಕುಂಡಗಳಿಗೆ ನೀರು ಹಾಕ್ತಾನೆ. ಮೊದಲು ಮೂಲೆಯದಕ್ಕೆ" ಎಂದ ತಮ್ಮ ಪಿಸುಮಾತಿನಲ್ಲಿ. ಡ್ರೈವರ್ ಮಗ್ಗು ತಗೊಂಡು ಮೂಲೆಗೇ ಹೋದ. "ಈಗ ಒಳಗೆ ತಿರುಗಿ ಏನೋ ಹೇಳ್ತಾನೆ, ನಗ್ತಾನೆ." ಡ್ರೈವರ್ ತಿರುಗಿದ, ನಕ್ಕ.

ದೊಡ್ಡವನು ತಮ್ಮನ ಭುಜ ಹಿಡಿದು ಅಲುಗಿಸಿದ. "ಇದೇನೋ ಹುಚ್ಚು? ಕಂಡವರ ಮನೆ ಇಣುಕ್ತಾ ಕೂತಿದ್ದೀಯಲ್ಲೋ."

"ಬಿಡೋಕೆ ಆಗ್ತಿಲ್ಲ. ನನ್ನ ಕೆಲಸವೇ ಇದಾಗಿತ್ತು. ಗಡಿಯ ಆಚೆ ಒಬ್ಬ ಇದ್ದ. ಮಳೆಗಾಲ ಪೂರ್ತಿ ಅವನನ್ನ ಪರದೆ ಮೇಲೆ ನೋಡಿದೀನಿ. ಬೆಳಿಗ್ಗೆ ಅಂಗಳಕ್ಕೆ ಬಂದು ಬಕೆಟ್ಟು ಬೋರಲು ಹಾಕ್ಕೊಂಡು ಕೂತ್ಕೋತಿದ್ದ. ಮಗಳಿಗೆ ತಲೆ ಬಾಚ್ತಿದ್ದ. ಬಾಚೋಕೆ ಬರ್ತಿರಲಿಲ್ಲ ಅಣ್ಣ ಅವನಿಗೆ. ಜಡೆ ದಿನಾ ಸೊಟ್ಟ."

ತಮ್ಮನ ಬಾಯಲ್ಲಿ ಸಣ್ಣ ನಗು ಬಂದು ಹೋಯಿತು.

"ಆ ದಿನ, ಹುಡುಗಿ ಶಾಲೆಗೆ ಹೋಗಲಿ, ಆಮೇಲೆ ಹೊಡೆಯೋಣ ಅಂತ ನಾನೇ ಹೇಳಿದೆ. ಮೇಲಿನವರು ಭೇಷ್ ಅಂದ್ರು. ಹೊಡೆದ ಮೇಲೂ ನೋಡ್ತಾನೇ ಇರಬೇಕು, ಅದೂ ಕೆಲಸ. ಮಧ್ಯಾಹ್ನ ಅವಳು ವಾಪಸ್ ಬಂದ್ಲು. ಅಂಗಳ ಎಲ್ಲಿದೆ ಅಂತ ಅವಳಿಗೆ ಗೊತ್ತಾಗಲಿಲ್ಲ. ಮುಂದೆ ನಡೆದುಹೋಗಿ ಮತ್ತೆ ತಿರುಗಿ ಬಂದ್ಲು."

ದೊಡ್ಡವನು ತಮ್ಮನ ಪಕ್ಕದಲ್ಲಿ ಗೋಡೆಗೆ ಒರಗಿ ಕೂತ.

"ನೀನು ಪುಣ್ಯವಂತ ಅಣ್ಣ" ಎಂದ ತಮ್ಮ. "ನಿನಗೆ ಹೊಡೆಯೋರು ಎದುರಿಗಿದ್ರು. ಅವರೂ ಹೊಡೀತಿದ್ರು, ನೀನೂ ಹೊಡೆದೆ. ನಿನ್ನ ಯುದ್ಧ ನನಗೆ ಸಿಕ್ಕಿದ್ದಿದ್ರೆ ಸಾಕಾಗಿತ್ತು."

ತನ್ನ ಯುದ್ಧ ಬೇಕೆಂದು ಆಸೆಪಡುವವನೊಬ್ಬ ಸಿಗಲಿ ಎಂದು ದೊಡ್ಡವನು ಇಷ್ಟು ವರ್ಷ ಬಾಯಿ ಬಿಟ್ಟು ಕಾದಿದ್ದ. ಈಗ ಸಿಕ್ಕಿದ್ದ, ತನ್ನ ತಮ್ಮನೇ. ಆದರೆ ಎದುರಿಗೆ ಯಾರಿದ್ದರು? ಫಿರಂಗಿಗಳು ನಿಂತಿದ್ದುದು ಗುಡ್ಡದ ಈಚೆಗೆ. ಫೋನಿನಲ್ಲಿ ಯಾರೋ ಅಂಕಿಗಳನ್ನು ಕೂಗುತ್ತಿದ್ದರು, ಒಬ್ಬ ಫಿರಂಗಿಯ ನಳಿಗೆ ತಿರುಗಿಸುತ್ತಿದ್ದ, ಇವನು ಗುಂಡು ತುಂಬುತ್ತಿದ್ದ. ಗುಡ್ಡದ ಆಚೆ ಏನಿತ್ತೋ ಇವನು ಕಂಡವನಲ್ಲ. ಸಂಜೆ ಟೀ ಬರುತ್ತಿತ್ತು, ಇಸ್ಪೀಟು ಆಡುತ್ತಿದ್ದರು. ಕಣ್ಣಲ್ಲಿ ಕಣ್ಣಿಟ್ಟದ್ದೆಲ್ಲ ಅಂಗಡಿಯ ಸ್ಟೂಲಿಗಾಗಿ ಕಟ್ಟಿದ ಮಾತು.

ಅಲ್ಲೂ ಅಂಗಳವಿತ್ತೇ? ಬಕೆಟ್ಟಿನ ಮೇಲೆ ಕೂತವನೊಬ್ಬನಿದ್ದನೇ? ಒಂದೇ ಒಂದು ಮುಖ ನೆನಪಿಗೆ ಬರಲಿ ಎಂದು ಅವನು ಕಣ್ಣು ಮುಚ್ಚಿದ. ಗುಡ್ಡದ ಹುಲ್ಲು, ಹೊಗೆ, ಜೊತೆಯವರ ಬೆವರಿದ ಬೆನ್ನುಗಳು, ಇಷ್ಟೇ ಬಂದದ್ದು. ಪಕ್ಕದಲ್ಲಿ ತಮ್ಮ ಬಿಕ್ಕುತ್ತಿದ್ದ. ಅಳುವುದಕ್ಕೆ ಅವನಿಗೊಂದು ಮುಖವಾದರೂ ಇದೆಯಲ್ಲ ಎಂದು ದೊಡ್ಡವನಿಗೆ ಆಗಲೂ ಕರುಬು ಹುಟ್ಟಿತು. ಥೂ ನನ್ನ ಜನ್ಮಕ್ಕೆ ಎಂದುಕೊಂಡರೂ ಅದು ಹೋಗಲಿಲ್ಲ.

ಅಮ್ಮ ತಡೆಯಲಾರದೆ ಒಳಗೆ ಬಂದಳು. ನೇರ ಹೋಗಿ ಚಿಕ್ಕವನ ತಲೆಯನ್ನು ಎದೆಗೆ ಒತ್ತಿಕೊಂಡಳು.

"ಅಮ್ಮ" ಎಂದ ದೊಡ್ಡವನು.

ಅವಳು ತಿರುಗಲಿಲ್ಲ.

"ಅಮ್ಮ, ನಾನೂ ಹೋಗಿದ್ದೆನಲ್ಲ. ನನಗ್ಯಾಕೆ ಏನೂ ಆಗಲಿಲ್ಲ?"

ಅವಳು ಈಗ ತಿರುಗಿದಳು. ಇಷ್ಟು ದಿನ ನುಂಗಿಕೊಂಡದ್ದೆಲ್ಲ ಅವಳ ಮುಖಕ್ಕೆ ಬಂತು.

"ತಮ್ಮನ ಕಣ್ಣೀರಿಗೂ ಹೊಟ್ಟೆಕಿಚ್ಚೇನೋ ನಿನಗೆ?" ಎಂದಳು.

ಅವನು ಬಾಯಿ ತೆರೆದ. ಅಲ್ಲ ಎನ್ನೋಣವೆಂದರೆ, ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ.