ಎಡಬಾಗಿಲಿನ ನೀಲಿ

"ಮಧ್ಯಾಹ್ನದೊಳಗೆ ಆಗ್ಬೇಕು ನೋಡು ವಾಣಿ," ಎಂದು ಸತೀಶ ಲಾರಿಯ ಎಡಬಾಗಿಲಿನ ಮೇಲೆ ಅಂಗೈ ಇಟ್ಟ. "ಈ ಗೀರೊಂದು ಹೋದ್ರೆ ಸಾಕು. ಮಿಕ್ಕಿದ್ದು ನಿನ್ನಿಷ್ಟ. ನಾಳೆ ಬೆಳಿಗ್ಗೆ ಗಾಡಿ ದಾವಣಗೆರೆಗೆ ಹೊರಡ್ಬೇಕು."

ನಲ್ಲಿಗೆ ಪೈಪು ಸಿಕ್ಕಿಸುತ್ತಿದ್ದ ವಾಣಿ ತಲೆಯೆತ್ತಿ ಭಾವನನ್ನು ನೋಡಿದಳು. ಗಂಡನ ಅಣ್ಣ ಏಳು ಗಂಟೆಗೇ ಸ್ನಾನ ಮುಗಿಸಿ, ಹೊಳಲೂರಿನ ನೆಂಟರ ಗೃಹಪ್ರವೇಶಕ್ಕೆಂದು ಇಸ್ತ್ರಿ ಅಂಗಿ ತೊಟ್ಟಿದ್ದ. ಆ ಅಂಗಿಯಲ್ಲೇ ಮನೆಯೊಳಗಿಂದ ಶೆಡ್ಡಿನವರೆಗೆ ಕರೆಂಟಿನ ವೈರನ್ನು ತಾನೇ ಎಳೆದು ತಂದಿದ್ದ. ಆರು ವರ್ಷದಲ್ಲಿ ಇದೇ ಮೊದಲು.

ಅವಳ ಈ ಹುಚ್ಚು ಮಲವಗೊಪ್ಪದ ಆ ಮನೆಯಲ್ಲಿ ಆರು ವರ್ಷದಿಂದ ನಗೆಪಾಟಲಾಗಿತ್ತು. ವಾರವೆಲ್ಲ ನವುಲೆಯ ಕೃಷಿ ಕಾಲೇಜಿನಲ್ಲಿ ಮಣ್ಣು ಪರೀಕ್ಷೆಯ ಲ್ಯಾಬಿನ ಅಟೆಂಡರ್ ಕೆಲಸ. ಭಾನುವಾರ ಬಂತೆಂದರೆ ಗಂಡನ ಹಳೇ ಪ್ಯಾಂಟು ತೊಟ್ಟು, ತಲೆಗೆ ಟವೆಲ್ ಬಿಗಿದು, ಪಾಲಿಶ್ ಮಷೀನು ಹಿಡಿದು ಲಾರಿಯ ಪಕ್ಕ ನಿಂತುಬಿಡುತ್ತಿದ್ದಳು. "ಬೇರೆಯವರ ಮನೆ ಸೊಸೇರು ಬ್ಯೂಟಿ ಪಾರ್ಲರಿಗೆ ಹೋಗ್ತಾರೆ, ನಮ್ಮನೇದು ಲಾರಿಗೇ ಫೇಶಿಯಲ್ ಮಾಡತ್ತೆ ಮಾರಾಯ್ತಿ," ಎಂದು ಅತ್ತೆ ಸಾವಿತ್ರಮ್ಮ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು. ಸತೀಶ ನಗುತ್ತಲೂ ಇರಲಿಲ್ಲ. ಲಾರಿ ಇರೋದು ದುಡಿಯೋಕೆ, ಮುಖ ನೋಡ್ಕೊಳ್ಳೋಕಲ್ಲ ಎನ್ನುವುದು ಅವನ ಮಾತು. ತಲೆ ಕೆಟ್ಟ ದಿನ ಮೇನ್ ಸ್ವಿಚ್ಚನ್ನೇ ಆರಿಸಿಬಿಡುತ್ತಿದ್ದ. ವಾಣಿ ಹೋಗಿ ಮತ್ತೆ ಹಾಕಿಕೊಂಡು ಬರುತ್ತಿದ್ದಳು.

ಇದು ಅವಳಿಗೆ ಅಪ್ಪನಿಂದ ಅಂಟಿದ್ದು. ಜಟ್ಟಪ್ಪ ಭದ್ರಾವತಿಯಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುತ್ತಿದ್ದವನು. ಸ್ಕೂಲು ಬಿಟ್ಟ ಮೇಲೆ ಅವಳು ಅಪ್ಪನ ಶೆಡ್ಡಿಗೇ ಹೋಗಿ, ಒಣಗಿದ ಬಣ್ಣವನ್ನು ನೀರಿನಲ್ಲಿ ನೆನೆಸಿದ ಉಪ್ಪುಕಾಗದದಿಂದ ಉಜ್ಜುತ್ತಿದ್ದಳು. "ಕಣ್ಣು ಆಮೇಲೆ ನೋಡತ್ತೆ, ಮೊದ್ಲು ಬೆರಳನ್ನ ಕೇಳು," ಎನ್ನುತ್ತಿದ್ದ ಅವನು. ಅಪ್ಪ ಹೋದ ಮೇಲೆ ಎಷ್ಟೋ ವರ್ಷ ಅದೆಲ್ಲ ಮರೆತೇಹೋಗಿತ್ತು. ಒಂದು ಸಲ ಫೋನಿನಲ್ಲಿ ಯಾರೋ ಮಷೀನಿನಿಂದ ಗಾಡಿ ಪಾಲಿಶ್ ಮಾಡುವುದನ್ನು ನೋಡಿ, ತಾನೂ ಒಂದು ತರಿಸಿಕೊಂಡಳು. ಮಾಸಿದ ಬಣ್ಣದ ಮೇಲಿನ ಮಬ್ಬು ಸರಿದು ಒಳಗಿನ ಕೆಂಪು ಎದ್ದು ಬರುವ ಆ ಒಂದು ಗಳಿಗೆಗಾಗಿ ಅವಳು ವಾರವಿಡೀ ಕಾಯುತ್ತಿದ್ದಳು. ಸೋಮವಾರ ಲಾರಿ ಮತ್ತೆ ಧೂಳು ಹೊತ್ತು ಬಂದರೆ ಅವಳಿಗೆ ಬೇಸರವೇನೂ ಆಗುತ್ತಿರಲಿಲ್ಲ.

"ಎಲ್ಲಿ ತಾಗಿಸ್ಕೊಂಡ್ರಿ ಭಾವ?" ಎಂದು ಕೇಳಿದಳು.

"ಗೋಡೌನ್ ಹತ್ರ ನೀಲಿ ಪ್ಲಾಸ್ಟಿಕ್ ಡ್ರಮ್ ಇಟ್ಟಿದ್ರು. ರಿವರ್ಸ್ ತಗೊಳ್ಳೋವಾಗ ಉಜ್ತು." ಸತೀಶ ಕಾರಿನ ಕಡೆ ತಿರುಗಿ ಕೂಗಿದ, "ಅಮ್ಮಾ, ಹೊತ್ತಾಯ್ತು ಬಾ."

ತಲೆನೋವೆಂದು ಗುರು ಗೃಹಪ್ರವೇಶಕ್ಕೆ ಹೋಗಲಿಲ್ಲ. ಶೆಡ್ಡಿನ ಮೂಲೆಯ ಹಳೇ ಟೈರಿನ ಮೇಲೆ ಕೂತು ಹೆಂಡತಿ ಕೆಲಸ ಮಾಡುವುದನ್ನು ನೋಡುತ್ತಿದ್ದ. ವಾಣಿ ಲಾರಿಯ ಮುಂಭಾಗಕ್ಕೆಲ್ಲ ನೀರು ಹಾಯಿಸಿ, ನೊರೆ ಹಾಕಿ ತೊಳೆದಳು. ಬಟ್ಟೆಯಲ್ಲಿ ಒತ್ತಿ ಒರೆಸಿ ಎಡಬಾಗಿಲಿನ ಮುಂದೆ ಕುಕ್ಕುರುಗಾಲಲ್ಲಿ ಕೂತಳು. ಗೀರು ಬಾಗಿಲಿನ ಕೆಳಭಾಗದಲ್ಲಿ ಹೆಚ್ಚುಕಮ್ಮಿ ಒಂದು ಮೊಳ ಉದ್ದಕ್ಕೆ ಎಳೆದುಕೊಂಡು ಹೋಗಿತ್ತು. ಅಪ್ಪ ಹೇಳಿದಂತೆ ಮೊದಲು ಬೆರಳಾಡಿಸಿದಳು. ಹಳ್ಳ ಹೆಚ್ಚಿರಲಿಲ್ಲ. ಬೇರೆಯದರ ಬಣ್ಣ ಬಂದು ಇದರ ಮೇಲೆ ಕೂತಿತ್ತು. ಟಾರ್ಚನ್ನು ಓರೆಯಾಗಿ ಹಿಡಿದಳು. ನೀಲಿಯೊಳಗೆ ಬೆಳ್ಳಿಯ ಹುಡಿಯಂಥ ಚುಕ್ಕಿಗಳು ಮಿಣಿಮಿಣಿ ಎಂದವು.

ಪ್ಲಾಸ್ಟಿಕ್ ಡ್ರಮ್ಮಿನ ಬಣ್ಣದಲ್ಲಿ ಬೆಳ್ಳಿಹುಡಿ ಇರುವುದಿಲ್ಲ.

ಅವಳು ಟಾರ್ಚು ಆರಿಸಿದಳು. ನಿನ್ನೆ ಲ್ಯಾಬಿನಲ್ಲಿ ಎಲ್ಲರ ಫೋನಿಗೂ ಒಂದು ಫೋಟೋ ಬಂದಿತ್ತು. ಶುಕ್ರವಾರ ಸಂಜೆ ಭದ್ರಾವತಿ ರಸ್ತೆಯಲ್ಲಿ ಸ್ಕೂಟಿಗೆ ಗುದ್ದಿ ನಿಲ್ಲಿಸದೆ ಹೋದ ಲಾರಿಯನ್ನು ಯಾರಾದರೂ ನೋಡಿದ್ದರೆ ಪೊಲೀಸರಿಗೆ ತಿಳಿಸಿ ಎಂದು ಬರೆದಿದ್ದರು. ಬಿದ್ದವಳು ಭದ್ರಾವತಿ ಹಳೇನಗರದ ಈಶ್ವರಮ್ಮ, ಬಟ್ಟೆ ಹೊಲಿಯುವವಳು. ತೊಡೆಯ ಮೂಳೆ ಮುರಿದು ಆಸ್ಪತ್ರೆಯಲ್ಲಿದ್ದಳು. ಫೋಟೋದಲ್ಲಿ ಚರಂಡಿಯ ಪಕ್ಕ ಮಗುಚಿ ಬಿದ್ದಿದ್ದ ಸ್ಕೂಟಿ ಇದೇ ಹೊಳೆಯುವ ನೀಲಿ. ಸುತ್ತ ಹೊಲಿದ ಬ್ಲೌಸುಗಳು ಚೆಲ್ಲಾಪಿಲ್ಲಿಯಾಗಿದ್ದವು.

"ರೀ," ಎಂದಳು ತಿರುಗದೆ. "ಶುಕ್ರವಾರ ನೀವೂ ಲಾರೀಲೇ ಅಲ್ವಾ ಬಂದಿದ್ದು?"

ಗುರು ಟೈರಿನ ಮೇಲೆ ಸರಿದು ಕೂತ.

"ಡ್ರೈವರ್ ರಜ, ಅಣ್ಣಾನೇ ಓಡಿಸ್ಕೊಂಡು ಬಂದ ಅಂದ್ರಿ. ನೀವು ಎಲ್ಲಿ ಕೂತಿದ್ರಿ?"

"ಪಕ್ಕದಲ್ಲಿ," ಎಂದ ಗುರು. ಆಮೇಲೆ ಅವಳು ಏನೂ ಕೇಳದಿದ್ದರೂ ಅವನೇ ಹೇಳತೊಡಗಿದ. "ಸೈಡ್ ಹೊಡೆದು ಮುಂದೆ ಹೋಗೋ ಅವಸರದಲ್ಲಿ ಎಡಕ್ಕೆ ಎಳೆದ. ಶಬ್ದ ಕೇಳ್ತು. ಕಿಟಕೀಲಿ ಬಗ್ಗಿ ನೋಡ್ದೆ, ಹೆಂಗಸು ಎದ್ದೇಳೋಕೆ ನೋಡ್ತಾ ಇದ್ಳು, ಆಗ್ತಿರ್ಲಿಲ್ಲ. ನಿಲ್ಸು ಅಣ್ಣ, ನಿಲ್ಸು ಅಂದೆ ಕಣೆ. ಎರಡು ಸಲ ಅಂದೆ. ನಿಲ್ಸಿದ್ರೆ ಜನ ಸಾಯಿಸ್ತಾರೆ ಕಣೋ ಅಂದ."

"ಮೂರನೇ ಸಲ ಯಾಕೆ ಹೇಳ್ಲಿಲ್ಲ?"

ಗಾಂಧಿ ಬಜಾರಿನ ಬೀಜದಂಗಡಿಯಲ್ಲಿ ಗಿರಾಕಿಗೆ ಜೋರಾಗಿ ಬೆಲೆ ಹೇಳಲೂ ಹಿಂಜರಿಯುವ ಮನುಷ್ಯ ಗುರು. ಎರಡು ದಿನದಿಂದ ಅವನು ತಟ್ಟೆಯಲ್ಲಿ ಅನ್ನ ಬಿಟ್ಟು ಏಳುತ್ತಿದ್ದುದು ಯಾಕೆಂದು ವಾಣಿಗೆ ಈಗ ತಿಳಿಯಿತು.

ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಸತೀಶ. ಹಿಂದೆ ಗೃಹಪ್ರವೇಶದ ವಾಲಗ ಕೇಳುತ್ತಿತ್ತು.

"ಶುರು ಮಾಡಿದ್ಯಾ?"

"ತೊಳೆದಿದೀನಿ. ಭಾವ, ಇದು ಡ್ರಮ್ಮಿನ ಬಣ್ಣ ಅಲ್ಲ."

ವಾಲಗದ ಸದ್ದು ಕಡಿಮೆಯಾಯಿತು. ಅವನು ಜನರಿಂದ ದೂರ ಬಂದಿರಬೇಕು. "ನೋಡು ವಾಣಿ," ಎಂದ ತಗ್ಗಿದ ದನಿಯಲ್ಲಿ. "ಆಗಿದ್ದು ಆಗೋಯ್ತು. ಆಯಮ್ಮ ಬದುಕಿದಾಳೆ. ಹನ್ನೊಂದು ವರ್ಷದ ಗಾಡಿ, ಮೈಯೆಲ್ಲಾ ನೂರು ಗೀರು ಇದಾವೆ. ಅದರಲ್ಲಿ ಇದೊಂದನ್ನ ಯಾರು ಹುಡುಕ್ತಾರೆ? ಆದ್ರೂ ಬಣ್ಣ ಕಾಣ್ಬಾರ್ದು, ದಾರೀಲಿ ಚೆಕ್ ಮಾಡ್ತಿದಾರೆ. ಇಷ್ಟು ವರ್ಷ ನಿನ್ನ ಆಟಕ್ಕೆ ಗಾಡಿ ಬಿಟ್ಟಿಲ್ವಾ ನಾನು? ಇವತ್ತೊಂದು ದಿನ ಅದು ಮನೆಗೆ ಉಪಯೋಗಕ್ಕೆ ಬರ್ಲಿ."

"ಆಯ್ತು ಭಾವ," ಎಂದು ವಾಣಿ ಫೋನಿಟ್ಟಳು.

ನೂರು ಗೀರಿನ ನಡುವೆ ಇದೊಂದನ್ನು ಯಾರು ಹುಡುಕುತ್ತಾರಂತೆ. ಅವಳು ಎದ್ದು ಪೆಟ್ಟಿಗೆಯಿಂದ ಅಂಟುಪಟ್ಟಿ ತೆಗೆದಳು. ಒಗೆದ ಹತ್ತಿಬಟ್ಟೆಯನ್ನು ಮಡಿಸಿ ನೀಲಿ ಗೀರಿನ ಮೇಲೆ ಹೊದಿಸಿ, ಅದಕ್ಕೆ ತಾಗದಂತೆ ಸುತ್ತಲೂ ಪಟ್ಟಿ ಅಂಟಿಸಿದಳು. ಪಾಲಿಶಿನ ಪುಡಿ ಒಳಗೆ ನುಗ್ಗದಂತೆ ಅಂಚನ್ನು ಉಗುರಿನಿಂದ ಒತ್ತಿದಳು. ಆ ಬಾಗಿಲಿನ ಮಿಕ್ಕ ಭಾಗವನ್ನು ಕೊನೆಗೆ ಇಟ್ಟುಕೊಂಡು ಬಲಗಡೆಗೆ ಬಂದು ಮಷೀನಿನ ಗುಂಡಿ ಒತ್ತಿದಳು.

ಅಂಥ ಕೆಲಸವನ್ನು ಅವಳು ಯಾವತ್ತೂ ಮಾಡಿರಲಿಲ್ಲ. ಗೇಣು ಗೇಣು ಜಾಗ ತೆಗೆದುಕೊಂಡು, ಸ್ಪಂಜಿನ ಬಿಲ್ಲೆಗೆ ಪಾಲಿಶಿನ ನಾಲ್ಕು ಹನಿ ಹಾಕಿ, ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ನಿಧಾನ ಓಡಿಸಿದಳು. ಬಿಸಿ ಹೆಚ್ಚಾದರೆ ಬಣ್ಣ ಸುಟ್ಟೀತೆಂದು ಆಗಾಗ ಹಿಂಗೈ ಇಟ್ಟು ನೋಡಿದಳು. ಮರದ ಕೊಂಬೆ ಗೀಚಿದ್ದು, ಹಗ್ಗ ಉಜ್ಜಿದ್ದು, ಕ್ಲೀನರುಗಳು ಮರಳು ಮೆತ್ತಿದ ಬಟ್ಟೆಯಲ್ಲಿ ಒರೆಸಿ ಮಾಡಿದ ಜೇಡರಬಲೆಯಂಥ ಗೀರುಗಳು, ಒಂದೊಂದಾಗಿ ಹೋದವು. ಹೋಗದಷ್ಟು ಆಳವಿದ್ದವನ್ನು ಮತ್ತೆ ಮತ್ತೆ ಉಜ್ಜಿ ಮಂಕಾಗಿಸಿದಳು. ತೋಳು ಮರಗಟ್ಟಿತು. ಬೆವರು ಕಣ್ಣಿಗಿಳಿದು ಉರಿಯಿತು. ನಿಲ್ಲಿಸಬೇಕೆನಿಸಲಿಲ್ಲ.

ಹತ್ತೂವರೆಯ ಹೊತ್ತಿಗೆ ಗುರು ಟೈರಿನಿಂದ ಎದ್ದು ಬಂದ.

"ಏನ್ ಮಾಡ್ತಿದೀಯ ನೀನು?"

"ಕಾಣ್ತಿಲ್ವಾ?"

ಅವನು ಪಟ್ಟಿ ಅಂಟಿಸಿದ ಬಾಗಿಲನ್ನೂ ಹೊಳೆಯುತ್ತಿದ್ದ ಬಾನೆಟ್ಟನ್ನೂ ನೋಡಿದ. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಟಾರ್ಚು ಎತ್ತಿಕೊಂಡು, ಅವಳು ಉಜ್ಜುವ ಜಾಗಕ್ಕೆ ಓರೆಯಾಗಿ ಬೆಳಕು ಹಿಡಿದು ನಿಂತ.

ಎರಡು ಗಂಟೆಗೆ ಕಾರು ಬಂತು. ಸತೀಶ ಗೇಟಿನಲ್ಲೇ ಇಳಿದು ಒಂದು ಕ್ಷಣ ನಿಂತುಬಿಟ್ಟ. ಹನ್ನೊಂದು ವರ್ಷದ ಲಾರಿ ಶೋರೂಮಿನಿಂದ ಇಳಿದಂತೆ ನಿಂತಿತ್ತು. ಕುಂಕುಮದಂಥ ಕೆಂಪಿನಲ್ಲಿ ಶೆಡ್ಡಿನ ತಗಡು, ಅಂಗಳದ ತೆಂಗು, ಅವನ ಬಿಳಿ ಅಂಗಿ ಎಲ್ಲ ಕಾಣುತ್ತಿದ್ದವು.

"ಭಲೇ!" ಎಂದ ಸತೀಶ. ಅವನ ದನಿಯಲ್ಲಿ ನಿಜವಾದ ಸಂತೋಷವಿತ್ತು. "ನೀನು ಜಟ್ಟಪ್ಪನ ಮಗಳೇ ಸೈ."

ವಾಣಿ ಎಡಗಡೆಗೆ ಹೋಗಿ ಪಟ್ಟಿಯ ತುದಿ ಹಿಡಿದು ಎಳೆದಳು. ಹತ್ತಿಬಟ್ಟೆ ಕೆಳಗೆ ಬಿತ್ತು. ಇಡೀ ಕೆಂಪಿನಲ್ಲಿ ಆ ಒಂದು ನೀಲಿ, ಯಾರೋ ಬೇಕೆಂದೇ ಬರೆದ ಹಾಗೆ ಕಂಡಿತು.

"ಎಲ್ಲಾ ತೆಗೆದಿದೀನಿ ಭಾವ. ಇದೊಂದು ಬಿಟ್ಟು. ಈಗ ಯಾರೂ ಹುಡುಕ್ಬೇಕಾಗಿಲ್ಲ."

ಸತೀಶನ ಮುಖ ಕಪ್ಪಿಟ್ಟಿತು. "ತಲೆ ಕೆಟ್ಟಿದೆಯೇನೇ ನಿಂಗೆ?" ಎಂದು ಮುಂದೆ ಬಂದು, ನೆಲದಲ್ಲಿದ್ದ ಪಾಲಿಶಿನ ಬಾಟಲಿಗೆ ಕೈ ಹಾಕಿದ. ವಾಣಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಸರಿ ಆಕಡೆ."

"ಸರಿಯೋದಿಲ್ಲ."

"ಏನಾಯ್ತೋ?" ಎನ್ನುತ್ತ ಸಾವಿತ್ರಮ್ಮ ಕೈಯಲ್ಲಿ ತಾಂಬೂಲದ ಚೀಲ ಹಿಡಿದೇ ಓಡಿ ಬಂದರು. ವಾಣಿ ಎರಡೇ ಮಾತಿನಲ್ಲಿ ಹೇಳಿದಳು. ಸಾವಿತ್ರಮ್ಮ ದೊಡ್ಡಮಗನ ಮುಖ ನೋಡಿದರು. ಅವನು ಬೇರೆ ಕಡೆ ನೋಡಿದ. ಆದರೆ ಅವರ ಸಿಟ್ಟು ತಿರುಗಿದ್ದು ಸೊಸೆಯ ಮೇಲೆ.

"ಅನ್ನ ಹಾಕಿದ ಮನೇನ ಪೊಲೀಸ್ ಸ್ಟೇಷನ್ನಿಗೆ ಎಳೀತೀಯಾ? ಮನೆ ಮಾತು ಮನೇಲಿರ್ಬೇಕು ಕಣೆ!"

"ಆಯಮ್ಮನ ಕಾಲು ರಸ್ತೇಲಿ ಮುರಿದಿದ್ದು ಅತ್ತೆ. ಮನೇಲಲ್ಲ."

"ಗುರೂ, ನಿನ್ನ ಹೆಂಡ್ತಿಗೆ ಹೇಳು," ಎಂದು ಸತೀಶ ಗುಡುಗಿದ. "ಹೇಳು ಅವಳಿಗೆ!"

ಗುರು ಟಾರ್ಚನ್ನು ಪೆಟ್ಟಿಗೆಯೊಳಗಿಟ್ಟ. "ನೀನು ಅದನ್ನ ಅಳಿಸಿದ್ರೂ ನಾನು ಹೋಗಿ ಹೇಳ್ತೀನಿ ಅಣ್ಣ," ಎಂದ. "ನಾನು ಪಕ್ಕದಲ್ಲೇ ಕೂತಿದ್ದೆ. ನಿಲ್ಸು ಅಂದಿದ್ದೆ." ಅಣ್ಣನ ಹತ್ತಿರ ಬಂದು, "ನೀನೂ ಬಾ. ನೀನೇ ಬಂದು ಹೇಳಿದ್ರೆ ಅದು ಬೇರೆ," ಎಂದ.

ಸತೀಶನ ಕೈಯಿಂದ ಬಾಟಲಿ ಜಾರಿತು. ಅವನು ತಮ್ಮನನ್ನು, ಹಿಂದೆಂದೂ ನೋಡದವನನ್ನು ನೋಡುವಂತೆ ನೋಡಿದ. ಹೋಗಿ ಜಗಲಿಯ ಕಟ್ಟೆಯ ಮೇಲೆ ಕೂತ. ಬಹಳ ಹೊತ್ತಿನ ಮೇಲೆ ಜೇಬಿನಿಂದ ಲಾರಿಯ ಕೀ ತೆಗೆದು ಅಂಗಳಕ್ಕೆ ಎಸೆದ.

"ಹೋಗಿ. ನಾನು ಬರಲ್ಲ. ಇನ್ನು ಈ ಶೆಡ್ಡಿಗೆ ಕಾಲಿಟ್ಟೆ, ನನ್ನ ಗಾಡಿ ಮುಟ್ಟಿದೆ, ನೋಡ್ಕೋ ವಾಣಿ."

"ಸರಿ ಭಾವ," ಎಂದಳು ವಾಣಿ. ಬಗ್ಗಿ ಕೀ ಎತ್ತಿ ಗಂಡನ ಕೈಗೆ ಕೊಟ್ಟಳು. ಮಷೀನು, ಸ್ಪಂಜು, ಬಟ್ಟೆಗಳನ್ನು ಒಂದೂ ಬಿಡದೆ ಪೆಟ್ಟಿಗೆಗೆ ತುಂಬಿ ಶೆಡ್ಡಿನಿಂದ ಹೊರಗಿಟ್ಟಳು. ಅದೇ ಹಳೇ ಪ್ಯಾಂಟಿನಲ್ಲೇ ಲಾರಿ ಹತ್ತಿದಳು. ಬಟ್ಟೆಯಾದರೂ ಬದಲಾಯಿಸಿಕೋ ಎಂದು ಗುರು ಹೇಳಿದ್ದಕ್ಕೆ, "ಯಾಕೆ, ಇದಕ್ಕೇನಾಗಿದೆ?" ಎಂದಳು.

ಠಾಣೆಯ ಮುಂದೆ ಬೇವಿನ ಮರದ ಕೆಳಗೆ ಗುರು ಲಾರಿ ನಿಲ್ಲಿಸಿದ. ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದ ಪೇದೆ ಭೀಮೇಶ್ ಎದ್ದು ಬಂದು, ಯಾಕೆ ಬಂದಿರಿ ಎಂದು ಕೇಳುವ ಮೊದಲೇ ಬಾನೆಟ್ಟಿನ ಮೇಲೆ ಕೈಯಾಡಿಸಿದ.

"ಹೊಸಾ ಗಾಡಿನಾ?"

"ಅಲ್ಲ ಸಾರ್. ಹನ್ನೊಂದು ವರ್ಷದ್ದು," ಎಂದಳು ವಾಣಿ.

"ಹೌದಾ! ಯಾರು ಮಾಡಿದ್ದು ಪಾಲಿಶ್?"

"ನಾನೇ."

ಪೇದೆ ಅವಳ ಟವೆಲ್ಲು ಸುತ್ತಿದ ತಲೆ, ಬಿಳಿ ಪುಡಿ ಮೆತ್ತಿದ ಕೈಗಳನ್ನು ನೋಡಿದ. "ಸಾರ್, ಈಕಡೆ ಬನ್ನಿ," ಎಂದು ಅವಳು ಎಡಗಡೆಗೆ ನಡೆದಳು. ಗುರು ಕ್ಯಾಬಿನ್ನಿಂದ ಇಳಿದು, ಅಂಗಿಯ ಗುಂಡಿ ಸರಿಮಾಡಿಕೊಂಡು ಅವಳ ಪಕ್ಕ ಬಂದು ನಿಂತ.

ಬಾಗಿಲಿನಲ್ಲಿ ಬೇವಿನ ಮರ ಎಲೆಎಲೆಯಾಗಿ ಕಾಣುತ್ತಿತ್ತು. ಹಿಂದೆ ರಸ್ತೆಯಲ್ಲಿ ಹೋದ ಭದ್ರಾವತಿ ಬಸ್ಸು ಅದರೊಳಗೆ ಉದ್ದಕ್ಕೆ ಹರಿದುಹೋಯಿತು. ಪೇದೆ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಮೊಣಕಾಲೂರಿದ. ಕೆಂಪಿನೊಳಗೆ ಅವನ ಮುಖ ಮೇಲಿನಿಂದ ಇಳಿದು ಬಂದು, ಬಾಗಿಲಿನ ಕೆಳಗಡೆ, ಆ ನೀಲಿಯ ಹತ್ತಿರ ನಿಂತಿತು.