ದೀಪಸ್ತಂಭಕ್ಕೆ ಹೊರಟ ಬ್ರೆಡ್ಡಣ್ಣ

ಬೇಸಿಗೆ ರಜೆ ಬಂತೆಂದರೆ ಸಾಕು, ನಮ್ಮ ಬೀದಿಯ ಜನ ಕಾಲಿಗೆ ಚಕ್ರ ಕಟ್ಟಿಕೊಂಡುಬಿಡುತ್ತಾರೆ. ಬೈಕು ಒರೆಸುತ್ತಾರೆ, ಚೈನಿಗೆ ಎಣ್ಣೆ ಬಿಡುತ್ತಾರೆ, ಟಯರಿಗೆ ಗಾಳಿ ತುಂಬಿಸುತ್ತಾರೆ. ಬೈಕಿಗೆ ಏನು ಬೇಕೋ ಎಲ್ಲ ಆಯಿತು. ಮೇಲೆ ಕೂರುವ ಮನುಷ್ಯನಿಗೆ ಏನು ಬೇಕು? ಅದನ್ನು ಯಾರೂ ಕೇಳುವುದಿಲ್ಲ. ಹೋಗುವಾಗ ಹುಲಿಯಂತೆ ಹೋದವರು ಬರುವಾಗ ಯಾರದೋ ಹೆಗಲ ಮೇಲೆ ಕೈಹಾಕಿಕೊಂಡು ಬರುತ್ತಾರೆ.

ನಮ್ಮ ಬೀದಿಯ ಮೂಲೆ ಬೇಕರಿಯ ಬ್ರೆಡ್ಡಣ್ಣನ ಕಥೆ ಕೇಳಿ. ಆತ ಮದುವೆಯಾದಾಗಿನಿಂದ ಆ ಬೇಕರಿಯ ಒಲೆ ಒಂದು ದಿನವೂ ಆರಿದ್ದಿಲ್ಲ. ಗಲ್ಲಾದಲ್ಲಿ ಕೂರುವ ಅವನ ಹೆಂಡತಿಗೆ ಇದ್ದದ್ದು ಒಂದೇ ಆಸೆ. ಸಮುದ್ರದ ದಂಡೆಯ ದೀಪಸ್ತಂಭ ಹತ್ತಿ, ಮೇಲಿನಿಂದ ನೀರು ನೋಡಬೇಕು. ಪ್ರತಿ ಬೇಸಿಗೆಗೂ ಬ್ರೆಡ್ಡಣ್ಣ "ಮುಂದಿನ ವರ್ಷ ಕಣೇ" ಅನ್ನುತ್ತಿದ್ದ. ಈ ಬೇಸಿಗೆಯಲ್ಲಿ ಒಲೆಯ ಒಳಗಿನ ಇಟ್ಟಿಗೆಗಳು ಬಿರುಕು ಬಿಟ್ಟವು. ಹೊಸದು ಕಟ್ಟಿಸಬೇಕು, ಅಲ್ಲಿಯವರೆಗೆ ಬಾಗಿಲು ಹಾಕಲೇಬೇಕು. ಆಕೆ ಆ ದಿನವೇ ಚೀಲ ತುಂಬಿದಳು!

ಜೊತೆಗೆ ಹೊರಟವಳು ಬ್ರೆಡ್ಡಣ್ಣನ ಅಕ್ಕ. ಆಸ್ಪತ್ರೆಯಲ್ಲಿ ನರ್ಸು, ಬೈಕು ಓಡಿಸುವುದರಲ್ಲಿ ತಮ್ಮನಿಗಿಂತ ಒಂದು ಕೈ ಮೇಲು. ನಾವೆಲ್ಲ ಅವಳನ್ನು ನರ್ಸಕ್ಕ ಅನ್ನುತ್ತೇವೆ. ಹೆಂಡತಿ ಗಂಡನ ಹಿಂದೆ ಕೂತಳು, ನರ್ಸಕ್ಕ ತನ್ನ ಬೈಕಿನಲ್ಲಿ ಹಿಂದೆ ಹಿಂದೆ ಬಂದಳು.

ಮೊದಲ ದಿನ ಸೊಗಸಾಗಿತ್ತು. ರಸ್ತೆ ಪಕ್ಕದಲ್ಲಿ ಯಾರೋ ಸಿಮೆಂಟಿನಲ್ಲಿ ಮನೆಯಷ್ಟು ದೊಡ್ಡ ಮೀನು ಕಟ್ಟಿದ್ದರು. ಬಾಯಿಯಿಂದ ಒಳಹೊಕ್ಕು ಬಾಲದಿಂದ ಹೊರಬರಬೇಕು. ಬ್ರೆಡ್ಡಣ್ಣನ ಹೊಟ್ಟೆ ಬಾಲದ ಹತ್ತಿರ ಸಿಕ್ಕಿಕೊಂಡಿತು. ಹೆಂಡತಿ ಮುಂದಿನಿಂದ ಎಳೆದಳು, ಅಕ್ಕ ಹಿಂದಿನಿಂದ ನೂಕಿದಳು. ಮೂವರೂ ಬಿದ್ದು ಬಿದ್ದು ನಕ್ಕರು.

ಬಿಸಿಲು ನೆತ್ತಿಗೆ ಬಂದಾಗ ನರ್ಸಕ್ಕ ಒಂದು ಮರದ ಕೆಳಗೆ ಬೈಕು ನಿಲ್ಲಿಸಿದಳು.

"ಬಾರೋ, ಹೊತ್ತು ಇಳಿಯೋವರೆಗೆ ಇಲ್ಲೇ ಇರೋಣ. ನೀರು ಕುಡಿ."

"ಅಯ್ಯೋ ಅಕ್ಕಾ, ದಿನಾ ಬೆಂಕಿ ಮುಂದೆ ನಿಲ್ಲೋನು ನಾನು. ಈ ಬಿಸಿಲು ನನಗ್ಯಾವ ಲೆಕ್ಕ?"

"ನೀರಾದ್ರೂ ಕುಡಿಯೋ."

"ಒಲೇಲಿ ಬ್ರೆಡ್ ಇರೋವಾಗ ನಾನು ನೀರು ಮುಟ್ಟಲ್ಲ. ಆ ಕಡೆ ಈ ಕಡೆ ಹೋದ್ರೆ ಸೀದುಹೋಗುತ್ತೆ. ಇಲ್ಲೂ ಅಷ್ಟೇ. ಊರು ಮುಟ್ಟಿದ ಮೇಲೆ ನೀರು."

ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೇಲಂಗಿ ಬೇರೆ ಬಿಚ್ಚಿ ಚೀಲಕ್ಕೆ ತುರುಕಿದ. "ನೋಡೇ, ಒಂದು ಹನಿ ಬೆವರಿಲ್ಲ. ಗಾಳಿ ಹೆಂಗೆ ಹೊಡೀತಿದೆ!" ಎಂದು ಜಂಬ ಕೊಚ್ಚಿಕೊಂಡ.

ಮರುದಿನ ಒಂದು ಸಣ್ಣ ಊರಿನಲ್ಲಿ ಬರೀ ಗಾಜಿನ ಬಾಟಲಿಗಳಿಂದ ಕಟ್ಟಿದ ಮನೆ ನೋಡಿದರು. ಹೆಂಡತಿಗೆ ಅಲ್ಲಿಂದ ಕದಲಲು ಮನಸ್ಸಿಲ್ಲ. ಬ್ರೆಡ್ಡಣ್ಣನಿಗೆ ಮಾತ್ರ ಯಾಕೋ ಸಿಡಿಮಿಡಿ. "ತಲೆ ಸಿಡೀತಿದೆ, ನಡಿ ನಡಿ" ಎಂದು ಅವಸರಿಸಿದ. ಮಧ್ಯಾಹ್ನದ ನೇರ ರಸ್ತೆ, ಎರಡೂ ಕಡೆ ಬಯಲು. ಬೈಕು ಮೆಲ್ಲಗೆ ರಸ್ತೆಯ ನಡುವಿಗೆ ಸರಿಯತೊಡಗಿತು. ಎದುರಿನಿಂದ ಲಾರಿ.

ಹೆಂಡತಿ ಗಂಡನ ಬೆನ್ನಿಗೆ ಗುದ್ದಿದಳು. "ರೀ! ಎಡಕ್ಕೆ! ನಿಲ್ಲಿಸ್ರೀ!"

ಬ್ರೆಡ್ಡಣ್ಣ ಬೆಚ್ಚಿಬಿದ್ದು ಎಡಕ್ಕೆ ಎಳೆದ. ಲಾರಿ ಹಾರ್ನ್ ಬಾರಿಸುತ್ತ ಪಕ್ಕದಲ್ಲೇ ಹಾದುಹೋಯಿತು. ಬೈಕು ಮಣ್ಣಿಗಿಳಿದು ನಿಂತಿತು. ಇಳಿದವನಿಗೆ ಕಾಲು ನಿಲ್ಲಲಿಲ್ಲ. ಹೊಟ್ಟೆ ತೊಳಸಿ ವಾಂತಿಯಾಯಿತು.

ಹಿಂದೆಯೇ ಬಂದ ನರ್ಸಕ್ಕ ಬೈಯಲಿಲ್ಲ. ಬೈಯುವ ಹೊತ್ತು ಅದಲ್ಲ. ಹತ್ತಿರದ ಬಸ್ ನಿಲ್ದಾಣದ ನೆರಳಿಗೆ ಕರೆದೊಯ್ದು ಮಲಗಿಸಿದಳು. ಹೆಲ್ಮೆಟ್ ತೆಗೆದು, ಅಂಗಿ ಸಡಿಲಿಸಿ, ಕುತ್ತಿಗೆಗೂ ಕಂಕುಳಿಗೂ ಒದ್ದೆ ಬಟ್ಟೆ ಇಟ್ಟಳು. ಹೆಂಡತಿ ಟವೆಲಿನಿಂದ ಗಾಳಿ ಬೀಸಿದಳು.

"ಈಗ ಎಲ್ಲಿದ್ದೀವಿ ಹೇಳೋ?"

"ಬಸ್ ಸ್ಟ್ಯಾಂಡಲ್ಲಿ. ನೀನು ನಮ್ಮಕ್ಕ. ಇನ್ನೂ ತಲೆ ಕೆಟ್ಟಿಲ್ಲ ನನಗೆ."

"ಸದ್ಯ! ಹಾಗಾದ್ರೆ ಇದನ್ನ ಗುಟುಕು ಗುಟುಕಾಗಿ ಕುಡಿ" ಎಂದು ಪೊಟ್ಟಣ ಒಡೆದು ಓಆರ್‌ಎಸ್ ಕಲಸಿದ ನೀರು ಕೊಟ್ಟಳು. ಆಮೇಲೆ ತಮ್ಮನ ಹೆಂಡತಿಯ ಕಡೆ ತಿರುಗಿ ಮೆಲ್ಲಗೆ ಹೇಳಿದಳು: "ತಿಳ್ಕೊಂಡಿರಮ್ಮ. ಮಾತು ತೊದಲಿದ್ರೆ, ಏನೇನೋ ಬಡಬಡಿಸಿದ್ರೆ, ಪ್ರಜ್ಞೆ ತಪ್ಪಿದ್ರೆ ಬಾಯಿಗೆ ನೀರು ಹಾಕಬಾರದು. ತಕ್ಷಣ ಆಂಬುಲೆನ್ಸ್ ಕರೀಬೇಕು. ಅದು ಬರೋವರೆಗೆ ಮೈ ಮೇಲೆ ನೀರು ಸುರೀತಾ ಇರಬೇಕು."

ಸ್ವಲ್ಪ ಹೊತ್ತಿಗೆ ಬ್ರೆಡ್ಡಣ್ಣ ಎದ್ದು ಕೂತ. ಮುಖ ಸಣ್ಣದು ಮಾಡಿಕೊಂಡು, "ಸಾಕು, ನಾಳೆ ಮನೆಗೆ ಹೋಗೋಣ" ಅಂದ.

ಹೆಂಡತಿಗೆ ಅಳು ಉಕ್ಕಿ ಬಂತು. ನುಂಗಿಕೊಂಡಳು. ಇಷ್ಟು ವರ್ಷ ಕಾದದ್ದು ನೀರಿನಲ್ಲಿ ಹೋಮ ಮಾಡಿದಂತಾಗುವುದೇ? ಆಕೆ ಗಂಡನ ಎದುರು ಕೂತಳು.

"ರೀ, ಒಂದು ಕೇಳ್ತೀನಿ. ಹಿಟ್ಟು ನಾದಿ ಉಬ್ಬೋಕೆ ಇಡ್ತೀರಲ್ಲ, ಅದರ ಮೇಲೆ ಒದ್ದೆ ಬಟ್ಟೆ ಯಾಕೆ ಹಾಕ್ತೀರಿ?"

"ಇದೊಂದು ಪ್ರಶ್ನೇನಾ? ಗಾಳಿಗೆ ಬಿಟ್ರೆ ಒಣಗಿ ಸಿಪ್ಪೆ ಕಟ್ಟುತ್ತೆ, ಒಡೆದುಹೋಗುತ್ತೆ."

"ಮತ್ತೆ ನೀವು ಮೇಲಂಗಿ ಬಿಚ್ಚಿ, ನೀರೂ ಕುಡೀದೆ, ಗಾಳಿಗೆ ಎದೆ ಕೊಟ್ಕೊಂಡು ಬಂದ್ರಲ್ಲ? ಹಿಟ್ಟಿಗಿರೋ ಮರ್ಯಾದೆ ನಿಮ್ಮ ಮೈಗಿಲ್ವಾ?"

ನರ್ಸಕ್ಕ ಚಪ್ಪಾಳೆ ಹೊಡೆದೇಬಿಟ್ಟಳು.

"ಭೇಷ್ ಕಣಮ್ಮ! ಲೋ, ಬೇಕರೀಲಿ ಬೆವರಿದ್ರೆ ಅಂಗಿ ಒದ್ದೆಯಾಗುತ್ತೆ, ನಿನಗೇ ಗೊತ್ತಾಗುತ್ತೆ. ಬೈಕಲ್ಲಿ ಬೆವರು ಬಂದ ಕೂಡ್ಲೇ ಗಾಳಿ ಒಣಗಿಸಿಬಿಡುತ್ತೆ. ಬೆವರೇ ಇಲ್ಲ ಅಂತ ನೀನು ಬೀಗ್ತಾ ಇರ್ತೀಯ, ಒಳಗೆ ನೀರು ಖಾಲಿಯಾಗ್ತಾ ಇರುತ್ತೆ. ಒಲೆ ಮುಂದೆ ತಲೆ ಸುತ್ತಿದ್ರೆ ಬ್ರೆಡ್ ಸೀಯುತ್ತೆ. ಇಲ್ಲಿ ಸುತ್ತಿದ್ರೆ?"

ಬ್ರೆಡ್ಡಣ್ಣ ಹೆಂಡತಿಯ ಮುಖ ನೋಡಿದ. ಲಾರಿ ನೆನಪಾಯಿತು. "ನಿನ್ನನ್ನ ಎಲ್ಲಿಗೆ ಕರ್ಕೊಂಡು ಹೋಗ್ತಿದ್ದೆ ನಾನು..." ಎಂದು ಆಕೆಯ ಕೈ ಹಿಡಿದುಕೊಂಡ. ಆಮೇಲೆ ತಾನೇ ಹೇಳಿದ: "ಆಯ್ತು ಕಣೇ. ದೀಪಸ್ತಂಭ ನೋಡೇ ವಾಪಸ್ ಹೋಗೋದು. ಇವತ್ತಿಂದ ನೀನು ನಿಲ್ಸು ಅಂದ್ರೆ ನಿಲ್ಲಿಸ್ತೀನಿ. ವಾದ ಮಾಡಲ್ಲ."

ನರ್ಸಕ್ಕ ಸುಮ್ಮನೆ ಒಪ್ಪಲಿಲ್ಲ. ಹತ್ತಿರದ ಆಸ್ಪತ್ರೆಯಲ್ಲಿ ತೋರಿಸಿ, ಲಾಡ್ಜಿನಲ್ಲಿ ಪೂರ್ತಿ ಒಂದು ದಿನ ಮಲಗಿಸಿದಳು. ಆಮೇಲೆ ಪ್ರಯಾಣದ ರೀತಿಯೇ ಬದಲಾಯಿತು. ಬೆಳಕು ಹರಿಯುತ್ತಿದ್ದಂತೆ ಹೊರಡುವುದು, ಬಿಸಿಲೇರಿದರೆ ನೆರಳು ಹಿಡಿಯುವುದು, ಸಂಜೆ ಮತ್ತೆ ಹೊರಡುವುದು. ಮೈತುಂಬ ತೆಳುವಾದ ಅಂಗಿ, ಕುತ್ತಿಗೆಗೆ ಒದ್ದೆ ವಸ್ತ್ರ. ಬಾಯಾರಲಿ ಬಿಡಲಿ, ಆಗಾಗ ನಿಂತು ನೀರು. ಹೆಂಡತಿ ಬೆನ್ನು ತಟ್ಟಿದರೆ ಬ್ರೆಡ್ಡಣ್ಣ ಸೊಲ್ಲೆತ್ತದೆ ನಿಲ್ಲಿಸುತ್ತಿದ್ದ. ಎರಡು ಸಲ ಆಕೆ ಬರೀ ಹೂ ನೋಡಲು ತಟ್ಟಿದ್ದಳು. ಆಗಲೂ ನಿಲ್ಲಿಸಿದ!

ಒಂದು ಊರಿನ ಬಾಗಿಲಲ್ಲಿ ಏಣಿ ಹಾಕಿ ಹತ್ತಬೇಕಾದಷ್ಟು ದೊಡ್ಡ ಮರದ ಕುರ್ಚಿ ಇತ್ತು. ಅದರ ನೆರಳಲ್ಲಿ ಬೈಕಿನ ಹುಡುಗರು ಕೆಲವರು ಸುಸ್ತಾಗಿ ಕೂತಿದ್ದರು. ನಮ್ಮ ಬ್ರೆಡ್ಡಣ್ಣ ಸುಮ್ಮನಿರುವವನೇ? "ಏನ್ರಪ್ಪಾ, ನೀರು ಕುಡಿದ್ರಾ? ಉಚ್ಚೆ ಬಣ್ಣ ನೋಡ್ಕೊಂಡ್ರಾ? ಗಾಢ ಹಳದಿ ಇದ್ರೆ ಹೊರಡಬೇಡಿ" ಎಂದು ಪಾಠ ಶುರುಮಾಡಿದ. ನರ್ಸಕ್ಕ ಅತ್ತ ತಿರುಗಿ ನಗು ತಡೆದುಕೊಂಡಳು.

ಕೊನೆಗೆ ಒಂದು ಬೆಳಗ್ಗೆ ರಸ್ತೆ ತಿರುಗಿದ್ದೇ ತಡ, ಗಾಳಿಯಲ್ಲಿ ಉಪ್ಪಿನ ವಾಸನೆ ಬಂತು. ಬಿಳಿ ದೀಪಸ್ತಂಭ ಎದುರಿಗೇ ನಿಂತಿತ್ತು. ಹೆಂಡತಿ ಯಾರನ್ನೂ ಕಾಯದೆ ಸುತ್ತುಮೆಟ್ಟಿಲು ಹತ್ತಿದಳು. ಹಿಂದೆ ಏದುಸಿರು ಬಿಡುತ್ತ ಬ್ರೆಡ್ಡಣ್ಣ, ಅವನ ಹಿಂದೆ ನರ್ಸಕ್ಕ. ಮೇಲೆ ಬಾಗಿಲು ತೆರೆದರೆ ಕಣ್ಣು ಹೋದಷ್ಟು ದೂರ ನೀರೇ ನೀರು.

"ಬಂದ್ವಿ! ರೀ, ನಾವು ಬಂದೇಬಿಟ್ವಿ!" ಎಂದು ಆಕೆ ಕೂಗಿದಳು. ಕೆಳಗೆ ದಂಡೆಯಲ್ಲಿದ್ದ ಜನ ತಲೆಯೆತ್ತಿ ನೋಡಿದರು. ಬ್ರೆಡ್ಡಣ್ಣ ಕಣ್ಣೊರೆಸಿಕೊಂಡು, ನಾಚಿಕೆ ಬಿಟ್ಟು, ತಾನೂ ಕೂಗಿದ. ಗಂಡ ಹೆಂಡತಿ ಇಬ್ಬರೂ ನೆಟ್ಟಗೆ ನಿಂತು ಆ ನೀರು ನೋಡುತ್ತಿದ್ದರು. ಅದಕ್ಕಿಂತ ದೊಡ್ಡ ಗೆಲುವು ಯಾವುದಿದೆ?

ಈ ಬೇಸಿಗೆಯಲ್ಲಿ ಬೈಕು ಹತ್ತಲಿರುವ ಅಣ್ಣಂದಿರೇ, ಅಕ್ಕಂದಿರೇ, ನೀವೂ ಹೋಗಿ, ಲೋಕ ನೋಡಿ. ಬೆವರು ಕಾಣದಿದ್ದರೂ ನೀರು ಕುಡಿಯಿರಿ. ಉರಿಬಿಸಿಲನ್ನು ನೆರಳಲ್ಲಿ ಕಳೆಯಿರಿ. ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ ಇನ್ನೊಂದು ಊರು ದಾಟೋಣ ಅನ್ನದೆ ಅಲ್ಲೇ ಇಳಿಯಿರಿ. ಹಿಂದೆ ಕೂತವರು ನಿಲ್ಲಿಸಿ ಅಂದರೆ ಮರುಮಾತಿಲ್ಲದೆ ನಿಲ್ಲಿಸಿ. ನೀವು ಹೊರಟಿದ್ದು ಅವರಿಗೂ ಆ ಜಾಗ ತೋರಿಸಲಿಕ್ಕಲ್ಲವೇ?