ಹೊನ್ನಜ್ಜಿಯ ಮೊಮ್ಮಗಳು ದೋಣಿ ಓದಿದ್ದು

ಕೇಣಿಯ ಹೊನ್ನಜ್ಜಿಯ ಮೊಮ್ಮಗಳು ನೀತಾ ತನ್ನನ್ನು ತೊಟ್ಟಿಲಿಗೆ ಹಾಕಿದ ದಿನವೇ, ಬಾಗಿಲಾಚೆಯ ಸಮುದ್ರದಲ್ಲಿ ಗೋವೆಯ ಕಡೆಗೆ ಹೋಗುತ್ತಿದ್ದ ಹಡಗಿನ ಹೆಸರನ್ನು ಗಟ್ಟಿಯಾಗಿ ಓದಿ ಹೇಳಿದ್ದಳು. ಅದೂ ಸಣ್ಣ ಅಕ್ಷರದ ಹೆಸರು. ಹಡಗಿನ ಕಪ್ತಾನ ಬೆಚ್ಚಿಬಿದ್ದು ಒಮ್ಮೆ ಭೋಂಗಾ ಊದಿ ಮುಂದೆ ಹೋದನಂತೆ. ಇದಕ್ಕೆ ಸಾಕ್ಷಿಗಳು ಇಬ್ಬರು: ಒಬ್ಬಳು ಹೊನ್ನಜ್ಜಿ, ಇನ್ನೊಬ್ಬ ಆ ಕಪ್ತಾನ. ಕಪ್ತಾನ ಆಮೇಲೆ ಈ ಕಡೆ ಸುಳಿಯಲೇ ಇಲ್ಲ.

ಅಂಕೋಲೆಯ ಮೀನುಪೇಟೆಗೆ ಬಂಗಡೆ ಕೊಳ್ಳಲು ಬಂದವರು ಈ ಕತೆಯನ್ನೂ ಬುಟ್ಟಿಗೆ ಹಾಕಿಸಿಕೊಂಡೇ ಹೋಗಬೇಕಿತ್ತು. ಬೇಡವೆಂದರೆ ಕೇಳುವವಳಲ್ಲ ಹೊನ್ನಜ್ಜಿ. ಅವಳ ಗಂಟಲು ಎಂಥದೆಂದರೆ, ಅವಳು ಕೇಣಿಯಲ್ಲಿ ಕೆಮ್ಮಿದರೆ ಕದ್ರಾದಲ್ಲಿ ಅಣೆಕಟ್ಟಿನ ಸೈರನ್ ಆಯಿತೆಂದು ನದಿಗಿಳಿದವರು ದಡಕ್ಕೆ ಓಡುತ್ತಿದ್ದರು. ನೀತಾಳ ಅಪ್ಪ ಮಲ್ಪೆಯ ಬೋಟಿನಲ್ಲಿ, ತಾಯಿ ಬೆಳಗಾದರೆ ಐಸ್ ಫ್ಯಾಕ್ಟರಿಯಲ್ಲಿ. ಹಾಗಾಗಿ ಮಗುವಿನ ಓದಿನ ವಕಾಲತ್ತು ಪೂರ್ತಿ ಅಜ್ಜಿಯ ಪಾಲಿಗೇ ಬಿದ್ದಿತ್ತು.

ಇಂಥ ಮೊಮ್ಮಗಳಿಗೆ ಮೂರನೆಯ ತರಗತಿಯಲ್ಲಿ, ದೀಪಾವಳಿ ರಜೆ ಮುಗಿದ ಮೇಲೆ, ಕಾರವಾರದಿಂದ ವಿಶೇಷ ಶಿಕ್ಷಕಿ ಬರುತ್ತಾರೆಂದು ಹೆಡ್ ಮಾಸ್ತರರು ಹೇಳಿ ಕಳಿಸಿದಾಗ ಹೊನ್ನಜ್ಜಿಗೆ ತಲೆಬುಡ ತಿಳಿಯಲಿಲ್ಲ.

"ವಿಶೇಷ ಅಂದ್ರೆ ಎಂತದು? ಹಬ್ಬದ ಅಡುಗೆಯಾ?" ಎಂದು ಪಕ್ಕದ ಬುಟ್ಟಿಯ ಮಂದಾಕಿನಿಯನ್ನು ಕೇಳಿದಳು.

ಮಂದಾಕಿನಿ ಸಿಗಡಿ ಸುಲಿಯುತ್ತ ದನಿ ತಗ್ಗಿಸಿದಳು. "ಕಿವಿ ಕೇಳದವ್ರಿಗೆ, ಕಣ್ಣು ಕಾಣದವ್ರಿಗೆ ಅಂತಾ ಇರ್ತಾರಲ್ಲೆ ಅಂಥ ಅಕ್ಕೋರು. ಮತ್ತೆ ಸ್ವಲ್ಪ ಮಳ್ಳು, ಬುದ್ಧಿ ಕಮ್ಮಿ ಇದ್ದವ್ರಿಗೂ. ಮೊದ್ಲು ಹೆಸ್ರು ಬರ್ಕಂಡು ಹೋಗೂದು. ಆಮೇಲೆ ಕಾರವಾರಕ್ಕೆ ಕರ್ಕಂಡು ಹೋಗಿ ಹಾಸ್ಟೆಲಿಗೆ ಹಾಕೂದಂತೆ."

"ನಿಂಗ್ಯಾರು ಹೇಳಿದ್ದು?"

"ಯಾರೋ ಹೇಳಿದ್ರು."

ಅಂದಿನಿಂದ ಹೊನ್ನಜ್ಜಿಗೆ ಬಂಗಡೆಯ ಲೆಕ್ಕ ತಪ್ಪತೊಡಗಿತು. ನೀತಾಳ ಕಿವಿ ಅಲೆ ತಿರುಗುವ ಮೊದಲೇ ಕೇಳುತ್ತಿತ್ತು. ಕಣ್ಣಂತೂ ಕೂರ್ಮಗಡ ದ್ವೀಪದ ಕಲ್ಲಿನ ಮೇಲೆ ಕೂತ ಕಾಗೆಯ ರೆಕ್ಕೆಯ ಗರಿ ಎಣಿಸುವಂಥದು. ಮತ್ತೆ ಇವಳಿಗೇಕೆ ವಿಶೇಷ? ಶಾಲೆಯ ಪುಸ್ತಕ ತೆರೆದರೆ ಹುಡುಗಿ ಸುಮ್ಮನೆ ಚಿತ್ರ ನೋಡುತ್ತಾಳೆ ಎಂಬುದು ಅಜ್ಜಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಗೊತ್ತಿರುವುದನ್ನೆಲ್ಲ ಹೇಳಿಕೊಂಡು ತಿರುಗಿದರೆ ಮೀನು ಮಾರಲು ಆಗುತ್ತದೆಯೇ?

ವಿಶೇಷ ಶಿಕ್ಷಕಿ ಬಸ್ಸಿಳಿದು ಬಂದರು. ವೈಜಯಂತಿ ಎಂದು ಹೆಸರು. ಹೆಗಲಿಗೆ ಚೀಲ, ಚೀಲದ ತುಂಬ ದೋಣಿ ಉಜ್ಜುವ ಪಾಲಿಶ್ ಕಾಗದ. ಅದನ್ನು ಅಕ್ಷರದ ಆಕಾರಕ್ಕೆ ಕತ್ತರಿಸಿ ರಟ್ಟಿಗೆ ಅಂಟಿಸಿದ್ದರು. ಅಕ್ಷರ ಕಲಿಸಲು ಬಂದವರು ಬಡಗಿಯ ಸಾಮಾನು ಹೊತ್ತು ಬಂದದ್ದು ಕಂಡು ಅಜ್ಜಿಗೆ ಇನ್ನಷ್ಟು ಗಲಿಬಿಲಿ.

"ಅಕ್ಕೋರೆ, ನಮ್ಮ ಹುಡ್ಗಿಗೆ ಎಲ್ಲಾ ಬರ್ತದೆ. ನೀವು ತಿರುಗಿ ಹೋಗೂದೇ ಒಳ್ಳೇದು. ಬನ್ನಿ, ತೋರಿಸ್ತೆ" ಎಂದು ದಂಡೆಗೆ ಕರೆದುಕೊಂಡು ಹೋದಳು.

ಮೀನು ಹಿಡಿಯುವ ಭರದ ಕಾಲ. ದೋಣಿಗಳು ಒಂದರ ಹಿಂದೊಂದು ದಡಕ್ಕೆ ಬರುತ್ತಿದ್ದವು. ಅವುಗಳ ಮೂತಿಯ ಮೇಲಿನ ಹೆಸರು ಇನ್ನೂ ಇರುವೆ ಸಾಲಿನಷ್ಟು ಕಾಣುವಾಗಲೇ ನೀತಾ ಒಂದೇ ಉಸಿರಿಗೆ ಹೇಳಿಬಿಟ್ಟಳು: "ಗಂಗಾಪ್ರಸನ್ನ, ಜಲದೇವಿ, ಸಮುದ್ರರಾಜ, ಅದರ ಹಿಂದೆ ಶ್ರೀ ಮಹಾಸತಿ."

ವೈಜಯಂತಿ ಅಕ್ಕೋರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಬೆಳಿಗ್ಗೆ ಶಾಲೆಯಲ್ಲಿ ಇದೇ ಹುಡುಗಿ 'ಕಮಲ' ಎಂಬುದರ ಮುಂದೆ ಕಲ್ಲಿನಂತೆ ಕೂತಿದ್ದಳು. ಒತ್ತಕ್ಷರದ ಗಂಗಾಪ್ರಸನ್ನವನ್ನು ಅರ್ಧ ಹರದಾರಿಯಿಂದ ಓದುವವಳಿಗೆ ಕಮಲ ಬಾರದೆ? ಅವರೂ ಗೊಂದಲಕ್ಕೆ ಬಿದ್ದರು. ಆಮೇಲೆ ದೋಣಿಗಳನ್ನು ಒಮ್ಮೆ, ಹುಡುಗಿಯನ್ನು ಒಮ್ಮೆ, ಅಜ್ಜಿಯನ್ನು ಎರಡು ಸಲ ನೋಡಿ, "ಶುಕ್ರವಾರ ಮತ್ತೆ ಬರ್ತೇನೆ" ಎಂದಷ್ಟೇ ಹೇಳಿ ಹೊರಟರು.

ಬಂದೇ ಬಂದರು. ಮಂಗಳವಾರ ಬಂದರು, ಶುಕ್ರವಾರ ಬಂದರು. ನೀತಾಳನ್ನು ಶಾಲೆಯ ಜಗಲಿಯಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ, ಆ ಒರಟು ಕಾಗದದ ಅಕ್ಷರಗಳ ಮೇಲೆ ಬೆರಳಾಡಿಸಿದರು. ಮರಳಿನಲ್ಲಿ ಬರೆಸಿದರು. ಒಂದು ಶಬ್ದವನ್ನು ಮೀನು ತುಂಡು ಮಾಡಿದ ಹಾಗೆ ಕತ್ತರಿಸಿ, ತುಂಡಿಗೊಂದು ಚಪ್ಪಾಳೆ ಹಾಕಿಸಿದರು. ಬೇರೆ ಮಕ್ಕಳು ಒಂದು ಪಾಠ ಮುಗಿಸುವಷ್ಟರಲ್ಲಿ ಇವರದು ಒಂದು ಅಕ್ಷರ. ನೀರು ತರುವ ನೆಪದಲ್ಲಿ ಇಣುಕಿದ ಹೊನ್ನಜ್ಜಿಗೆ, ಇದು ಓದೋ ಭಜನೆಯೋ ಎಂಬುದೇ ಬಗೆಹರಿಯಲಿಲ್ಲ.

ನಿಜವಾದ ಅನಾಹುತ ಕಂಡದ್ದು ಬೇಸಿಗೆ ಕಳೆದ ಮೇಲೆ. ಹುಡುಗಿ ನಾಲ್ಕನೆಯ ತರಗತಿಗೆ ಹೋದಳು. ಮಳೆಗಾಲಕ್ಕೆ ದಡದ ಮೇಲೆ ಎಳೆದಿಟ್ಟ ದೋಣಿಗಳ ಹೊದಿಕೆ ತೆಗೆದು, ಎಲ್ಲರೂ ನಾರಳಿ ಹುಣ್ಣಿಮೆಗೆ ಬಣ್ಣ ಬಳಿಯತೊಡಗಿದರು. ಅಂದು ಸಮುದ್ರಕ್ಕೆ ತೆಂಗಿನಕಾಯಿ ಕೊಟ್ಟ ಮೇಲೆಯೇ ದೋಣಿ ನೀರಿಗಿಳಿಸುವುದು. ದಂಡೆಯಲ್ಲಿ ನಡೆಯುತ್ತ ಹೊನ್ನಜ್ಜಿ ರೂಢಿಯಂತೆ, "ಇದ್ಯಾವುದೇ?" ಎಂದಳು.

ನೀತಾ ಥಟ್ಟನೆ ಹೇಳಲಿಲ್ಲ. ದೋಣಿಯ ಮೂತಿಯ ಬಳಿ ಹೋಗಿ ನಿಂತಳು. ಬೆರಳೆತ್ತಿದಳು. ತುಟಿ ಅಲುಗಿಸಿದಳು. "ಸ... ಸ, ಮು..." ಎಂದು ತಡವರಿಸಿದಳು. ಅಷ್ಟರಲ್ಲಿ ಮನೆಯಲ್ಲಿ ಒಲೆಯ ಮೇಲಿಟ್ಟ ಗಂಜಿ ಉಕ್ಕಿ, ಆರಿ, ಹಳಸಿ ಹೋಗಿರಬೇಕು.

"ಸಮುದ್ರರಾಜ ಅಲ್ದೇನೆ! ನಿನ್ನ ಅಪ್ಪ ಮೊದ್ಲು ಹೋಗ್ತಿದ್ದ ದೋಣಿ!"

"ತಡಿ ಅಜ್ಜಿ. ನೋಡ್ತಾ ಇದ್ದೆ."

ನೋಡುವುದೇನಿದೆ? ಇಡೀ ದಂಡೆಯನ್ನು ಒಂದೇ ಉಸಿರಿಗೆ ಹೇಳುತ್ತಿದ್ದ ಹುಡುಗಿ ಈಗ ಒಂದು ದೋಣಿಗೆ ತೊದಲುತ್ತಾಳೆ. ಅಂದರೆ ಇದ್ದ ಬುದ್ಧಿಯನ್ನೂ ಅಕ್ಕೋರು ಪಾಲಿಶ್ ಕಾಗದದಿಂದ ಉಜ್ಜಿ ತೆಗೆದರು. ಇನ್ನು ಮಳ್ಳಿನ ಪಟ್ಟಿಗೆ ಸೇರಿಸಿ ಕಾರವಾರಕ್ಕೆ ಒಯ್ಯುವುದೊಂದೇ ಬಾಕಿ.

ಮರುದಿನ ಒಣಮೀನಿನ ಬುಟ್ಟಿಯನ್ನು ಶಾಲೆಯ ಬಾಗಿಲಲ್ಲೇ ಇಳಿಸಿದಳು. ಅವಳ ಕೂಗಿಗೆ ಬಿಸಿಯೂಟದ ಅನ್ನ ಬೇಯದೆಯೇ ಅರಳಿತೆಂದು ಹೇಳುವವರಿದ್ದಾರೆ. "ಮಾಸ್ತರೆ, ನನ್ನ ಹುಡ್ಗಿ ಹೆಸ್ರು ಆ ಪಟ್ಟಿಯಿಂದ ತೆಗೀರಿ. ಓದ್ತಾ ಇದ್ದವ್ಳನ್ನ ಓದದ ಹಾಗೆ ಮಾಡಿದ್ರು."

ಹೆಡ್ ಮಾಸ್ತರರು ಸಮಾಧಾನದ ಮನುಷ್ಯ. "ತೆಗೀಬಹುದು ಅಜ್ಜಿ. ಆದ್ರೆ ಮುಂದಿನ ವರ್ಷ ಐದಕ್ಕೆ ಪೇಟೆ ಶಾಲೆಗೆ ಹೋಗ್ಬೇಕು ಅವಳು. ಅಲ್ಲಿ ಹೀಗೆ ಜೊತೆಗೆ ಕೂತು ಕಲಿಸುವವರು ಯಾರೂ ಇಲ್ಲ. ಓದು ಬರದೆ ಹೋದ್ರೆ ತಿಂಗಳೊಳಗೆ ಶಾಲೆ ಬಿಡ್ತಾಳೆ. ಅವಳಿಗೆ ಬರ್ತದೆ ಅಂತ ನೀವು ತೋರಿಸಿದ್ರೆ ಈಗ್ಲೇ ಹೆಸ್ರು ಹೊಡೆದುಹಾಕ್ತೇನೆ."

ತೋರಿಸದೆ ಬಿಡುತ್ತಾಳೆಯೇ? ಎಲ್ಲರೂ ದಂಡೆಗೆ ಹೊರಟರು. ದಾರಿಯಲ್ಲಿ ಹೊನ್ನಜ್ಜಿ ನೀತಾಳ ಕಿವಿಯಲ್ಲಿ, "ತುಟಿ ಅಲುಗಿಸ್ತಾ ನಿಲ್ಬೇಡ ಗೋ, ಮೊದಲಿನ ಹಾಗೆ ಪಟಪಟ ಹೇಳು" ಎಂದಳು. ಅಂದು ಮಂಗಳವಾರವಾದ್ದರಿಂದ ಶಾಲೆಗೆ ಬಂದಿದ್ದ ವೈಜಯಂತಿ ಅಕ್ಕೋರೂ ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ನಡೆದರು. ಮಂದಾಕಿನಿ ಅಲ್ಲೇ ಬಲೆ ಒಣಗಿಸುತ್ತಿದ್ದಳು. ಅವಳ ಗಂಡ ಮಾದು ತನ್ನ ದೋಣಿಯ ನೆರಳಲ್ಲಿ ಕೂತು ಬೀಡಿ ಸೇದುತ್ತಿದ್ದ. ಗಂಡ ಹೆಂಡತಿ ಮಳೆ ಹಿಡಿದಾಗಿನಿಂದ ಮಾತು ಬಿಟ್ಟಿದ್ದರು. ಅದು ಊರಿಗೆಲ್ಲ ಗೊತ್ತು.

"ಇದನ್ನ ಹೇಳು" ಎಂದಳು ಅಜ್ಜಿ, ಮಾದುವಿನ ದೋಣಿ ತೋರಿಸಿ. ಸುಲಭದ್ದನ್ನೇ ಆರಿಸಿದ್ದಳು. ಕೇಣಿಯ ಬೆಕ್ಕಿಗೂ ಗೊತ್ತು, ಅದು ಜಲರಾಣಿ.

ನೀತಾ ದೋಣಿಯ ಮೂತಿಯ ಹತ್ತಿರ ಹೋದಳು. ಬೆರಳೆತ್ತಿದಳು. ಅಜ್ಜಿ ಕಣ್ಣು ಮುಚ್ಚಿಕೊಂಡಳು.

"ಮಂ... ದಾ... ಕಿ... ನಿ."

"ಎಂತದೆ?" ಎಂದಳು ಮಂದಾಕಿನಿ, ಬಲೆ ಬಿಟ್ಟು ತಿರುಗಿ.

ನೀತಾ ಮತ್ತೆ ಬೆರಳಿಟ್ಟು, "ಮಂದಾಕಿನಿ" ಎಂದಳು.

"ಇಲ್ಲೇ ಇದ್ದೇನಲ್ಲೆ. ಎಂತಕೆ ಕರೀತೆ?"

"ದೊಡ್ಡವ್ರನ್ನ ಹೆಸ್ರು ಹಿಡಿದು ಕರೀತಾಳೆ ನೋಡ್ರಾ ಮಾಸ್ತರೆ" ಎಂದಳು ಹೊನ್ನಜ್ಜಿ, ಬಹುತೇಕ ಅಳುವ ದನಿಯಲ್ಲಿ. "ಜಲರಾಣಿ ಹೋಗ್ಲಿ, ಮರ್ಯಾದೆನೂ ಮರೆಸಿದ್ರು ಇವ್ಳಿಗೆ."

"ನಾನು ಅವ್ರನ್ನ ಕರೀಲಿಲ್ಲ ಅಜ್ಜಿ. ದೋಣಿ ಮೇಲೆ ಇತ್ತು."

ಹೆಡ್ ಮಾಸ್ತರರು ಬಗ್ಗಿ ನೋಡಿದರು. ಎದ್ದು ನಿಂತು ಮಾದುವಿನ ಕಡೆ ನೋಡಿದರು. ಮಾದುವಿನ ಬೀಡಿ ಆರಿಹೋಗಿತ್ತು, ಆದರೂ ಎಳೆಯುತ್ತಲೇ ಇದ್ದ.

"ಹೌದಲ್ಲೋ ಮಾದು" ಎಂದರು ಮಾಸ್ತರರು. "ಮಂದಾಕಿನಿ ಅಂತಲೇ ಬರೆದದ್ದು. ಯಾವಾಗ ಬರೆಸಿದ್ದು?"

"ಬಣ್ಣ ಒಣಗಿ ವಾರ ಆಯ್ತು" ಎಂದ ಮಾದು, ಮರಳು ನೋಡುತ್ತ. "ಯಾರಾದ್ರೂ ಓದಿ ಇವ್ಳಿಗೆ ಹೇಳ್ತಾರೆ ಅಂತ ಕೂತಿದ್ದೆ. ದಿನಾ ಇಲ್ಲೇ ಕೂತೆ. ಒಬ್ರೂ ಓದ್ಲಿಲ್ಲ."

ಊರೆಲ್ಲ ಆ ದೋಣಿಯ ಮುಂದೆ ಹಾಯ್ದು ಹೋಗಿತ್ತು. ಪೇಪರ್ ಓದುವವರೂ ಹೋಗಿದ್ದರು. ದೋಣಿಯ ಮೈ ಗೊತ್ತಿದ್ದವರು ಹೆಸರನ್ನೇಕೆ ನೋಡುತ್ತಾರೆ? ಮಂದಾಕಿನಿ ಬಂದು ಆ ಅಕ್ಷರಗಳನ್ನು ಕೈಯಿಂದ ಸವರಿದಳು. "ಮಳ್ಳು ಗಂಡಸು. ಬಾಯಲ್ಲಿ ಹೇಳೂಕೆ ಏನಾಗಿತ್ತು?" ಎಂದಳು. ಮಳೆ ಹಿಡಿದ ಮೇಲೆ ಅವನಿಗೆ ಅವಳು ಆಡಿದ ಮೊದಲ ಮಾತು ಅದು.

ಹೊನ್ನಜ್ಜಿಗೆ ಮಾತ್ರ ಕಾಲ ಕೆಳಗಿನ ಮರಳು ಜಾರುತ್ತಿತ್ತು. ಬೇಗ ಹೇಳಿದಾಗ ಸರಿ ಇದ್ದದ್ದು, ತಡವಾಗಿ ಹೇಳಿದಾಗ ಹೇಗೆ ಹೆಚ್ಚು ಸರಿಯಾಯಿತು? ಆದರೂ ಬಿಟ್ಟುಕೊಡುವ ಜಾತಿಯಲ್ಲ. "ಅದೇ ಹೇಳಿದ್ದಲ್ಲ ನಾನು, ಇವ್ಳಿಗೆ ಎಲ್ಲಾ ಬರ್ತದೆ ಅಂತ. ಯಾರ ಮೊಮ್ಮಗಳು? ನನ್ನ ಹತ್ರ ಕಲ್ತದ್ದು."

ವೈಜಯಂತಿ ಅಕ್ಕೋರು ಅಂದು ಮೊದಲ ಸಲ ಬಾಯಿ ತೆರೆದರು. ಪಕ್ಕದಲ್ಲಿದ್ದ ಸುಬ್ಬನ ದೋಣಿಯ ಕಡೆ ಕೈ ಮಾಡಿ, "ಹೌದಾ ಅಜ್ಜಿ? ಹಾಗಾದ್ರೆ ಇದರ ಮೇಲೆ ಏನು ಬರೆದದ್ದು, ನೀವೇ ಓದಿ" ಎಂದರು.

ಹೊನ್ನಜ್ಜಿ ಸೆರಗು ಸಿಕ್ಕಿಸಿ, ಎದೆ ಮುಂದೆ ಮಾಡಿ, ಪೇಟೆಯಲ್ಲಿ ಬಂಗಡೆ ಕೂಗುವ ದನಿಯಲ್ಲೇ ಓದಿದಳು. "ಜಲದೇವಿ."

ನೀತಾ ದೋಣಿಯ ಮೂತಿಯನ್ನು ಈ ಬದಿಯಿಂದ ನೋಡಿದಳು, ಸುತ್ತಿ ಹೋಗಿ ಆ ಬದಿಯಿಂದ ನೋಡಿದಳು. ಬಂದು ಅಜ್ಜಿಯ ಸೆರಗು ಜಗ್ಗಿದಳು.

"ಅಜ್ಜಿ, ಅಲ್ಲಿ ಎಂತದೂ ಬರೆದೇ ಇಲ್ಲ. ಬರೀ ನೀಲಿ ಬಣ್ಣ. ಪೇಂಟರ್ ನಾಳೆ ಬರೂದಂತೆ."

ಮಾದು ಕೆಮ್ಮಿದ. ಮಂದಾಕಿನಿ ಬಲೆಯಲ್ಲಿ ಮುಖ ಮುಚ್ಚಿಕೊಂಡಳು. ಹೊನ್ನಜ್ಜಿ ಆ ನೀಲಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ದೋಣಿಯ ಅಂಚಿಗೆ ಒರಗಿದಳು. ಕದ್ರಾದವರೆಗೆ ಹೋಗುತ್ತಿದ್ದ ಗಂಟಲು ಅಕ್ಕೋರ ಕಿವಿಯವರೆಗೂ ಸರಿಯಾಗಿ ಮುಟ್ಟಲಿಲ್ಲ.

"ನಂಗೆ ಓದೂಕೆ ಬರೂದಿಲ್ಲ ಅಕ್ಕೋರೆ. ಬಸ್ಸನ್ನೂ ಡ್ರೈವರನ ಮೀಸೆ ನೋಡಿಯೇ ಹತ್ತೂದು. ಒಂದ್ಸಲ ಅವ ಮೀಸೆ ಬೋಳಿಸಿದ್ದಕ್ಕೆ ರಾಮನಗುಳಿಗೆ ಹೋಗಿ ಇಳ್ದಿದ್ದೆ. ಇವ್ಳಿಗೂ ಬರ್ತಿರಲಿಲ್ಲ. ದೋಣಿ ಮೈ ನೋಡಿ ಹೇಳೂಕೆ ನಾನೇ ಕಲ್ಸಿದ್ದು. ನೀವು ಕರ್ಕಂಡು ಹೋಗ್ತೀರಿ ಅಂತ ಹೆದ್ರಿಕೆ ಆಯ್ತು."

"ಎಲ್ಲಿಗೆ ಕರ್ಕೊಂಡು ಹೋಗೋದು ಅಜ್ಜಿ? ನಾನೇ ಬಸ್ಸಿಗೆ ಕಾದು ಸಾಯ್ತೇನೆ" ಎಂದರು ಅಕ್ಕೋರು. "ಶುಕ್ರವಾರ ಬರ್ಲಾ?"

"ಬನ್ನಿ. ಹೆಸ್ರು ಅಲ್ಲೇ ಇರ್ಲಿ."

ಹೆಡ್ ಮಾಸ್ತರರಿಗೆ ಇನ್ನೊಂದು ಅನುಮಾನ ಉಳಿದಿತ್ತು. ಅವರೂ ಬಂಗಡೆಯ ಗಿರಾಕಿಯೇ. "ಅಜ್ಜಿ, ಮತ್ತೆ ತೊಟ್ಟಿಲಲ್ಲಿ ಓದಿದ ಆ ಹಡಗು?"

ಹೊನ್ನಜ್ಜಿ ಸಮುದ್ರದ ಕಡೆ ನೋಡಿದಳು. ಅಲ್ಲಿ ಏನೂ ಇರಲಿಲ್ಲ.

"ಅವತ್ತು ಹಡಗೂ ಬರ್ಲಿಲ್ಲ ಮಾಸ್ತರೆ. ಹುಡ್ಗಿ ಹಸಿವಾಗಿ ಅತ್ತಿತ್ತು, ಅಷ್ಟೆ."